ಹೆರಿಗೆಯ ನಂತರ ಸಕ್ಕರೆ ಸಹಜಕ್ಕೆ ಬಂದಿದೆ. ಮಧುಮೇಹ ಮರಳಿ ಬಾರದಿರಲು ಆಹಾರ, ವ್ಯಾಯಾಮ, ತೂಕ ಇಳಿಕೆ – ಇವುಗಳಲ್ಲಿ ಯಾವುದರಿಂದ ಆರಂಭಿಸಲಿ?

ಈ ಮೂರರಲ್ಲಿ ಯಾವುದರಿಂದಲೂ ಬೇಡ, ಪರೀಕ್ಷೆಯಿಂದ ಆರಂಭಿಸಿ. ಹೆರಿಗೆಯಾಗಿ ಒಂಬತ್ತು ವಾರಗಳಾಗಿವೆ, ಮನೆಯ ಗ್ಲೂಕೋಮೀಟರಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 90ರ ಆಸುಪಾಸಿನಲ್ಲಿದೆ, ಆದ್ದರಿಂದ ಗರ್ಭಾವಸ್ಥೆಯ ಮಧುಮೇಹ ಹೋಗಿದೆ ಎಂದು ನೀವು ಬರೆದಿದ್ದೀರಿ. ಏಳು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಮಾತನ್ನು ನಾನು ನನ್ನ ಬಗ್ಗೆ ಅಕ್ಕನಿಗೆ ಹೇಳಿದ್ದೆ. ಅದು ಹೋಗಿರಲಿಲ್ಲ.

ಮೊದಲ ಬಸಿರಿನ 26ನೆಯ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ಎರಡು ಗಂಟೆಗಳ ನಂತರದ ನನ್ನ ಅಂಕಿ 168 ಬಂದಿತ್ತು. ಇನ್ಸುಲಿನ್ ಬೇಕಾಗಲಿಲ್ಲ, ಊಟದ ಅಳತೆ ಮತ್ತು ನಡಿಗೆಯಿಂದಲೇ ಹತೋಟಿಗೆ ಬಂದಿತು. ಹೆರಿಗೆಯ ಮರುದಿನ ಬೆರಳು ಚುಚ್ಚಿ ನೋಡಿದಾಗ 86 ಇತ್ತು, ವೈದ್ಯರು ‘ಸಹಜಕ್ಕೆ ಬಂದಿದೆ’ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಅದರಿಂದ ನಾನು ಮಾಡಿಕೊಂಡ ಅರ್ಥ ಮಾತ್ರ ತಪ್ಪಾಗಿತ್ತು. ಬಸಿರಿನಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಮೇದೋಜ್ಜೀರಕ ಗ್ರಂಥಿಗೆ ಶಕ್ತಿಯಿದ್ದರೆ ಅದು ಹೆಚ್ಚು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತದೆ, ಇಲ್ಲದಿದ್ದರೆ ಸಕ್ಕರೆ ಏರುತ್ತದೆ. ಮಾಸು ಹೊರಬಿದ್ದ ಕೂಡಲೇ ಆ ತಡೆ ಸಡಿಲಗೊಂಡು ಅಂಕಿ ಇಳಿಯುತ್ತದೆ. ನನ್ನ 86 ತಿಳಿಸಿದ್ದು ಮಾಸು ಹೋಯಿತೆಂಬುದನ್ನೇ ಹೊರತು ಗ್ರಂಥಿ ಗಟ್ಟಿಯಾಗಿದೆಯೆಂಬುದನ್ನಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಅದು ನಡೆಯುವಾಗ ತಪ್ಪಿನಂತೆ ಕಾಣಲೇ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಾಳೆಯ ಕೊನೆಯಲ್ಲಿ ‘ಆರು ವಾರದ ನಂತರ ಗ್ಲೂಕೋಸ್ ಪರೀಕ್ಷೆ’ ಎಂದು ಒಂದು ಸಾಲು ಇತ್ತು. ಆ ಹಾಳೆಯನ್ನು ನಾನು ಮಗುವಿನ ಲಸಿಕೆಯ ಕಡತದಲ್ಲಿಟ್ಟೆ. ಅಲ್ಲಿಂದ ಮುಂದೆ ಆ ಕಡತ ಮಗುವಿನದಾಯಿತು, ನನ್ನದಾಗಿ ಉಳಿಯಲಿಲ್ಲ. ಆರನೆಯ ವಾರ ಲಸಿಕೆಗೆಂದು ಅದೇ ಆಸ್ಪತ್ರೆಗೆ ಹೋದಾಗ ರಕ್ತ ಪರೀಕ್ಷೆಯ ಕೊಠಡಿಯ ಮುಂದೆಯೇ ಅರ್ಧ ಗಂಟೆ ಕುಳಿತಿದ್ದೆ. ಆದರೆ ಬೆಳಿಗ್ಗೆ ತಿಂದು ಬಂದಿದ್ದೆ, ಮಗು ಅಳುತ್ತಿತ್ತು, ಪರೀಕ್ಷೆಗೆ ಇನ್ನೂ ಎರಡು ಗಂಟೆ ಬೇಕಿತ್ತು. ಮುಂದಿನ ವಾರ ಬರೋಣ ಎಂದುಕೊಂಡು ಎದ್ದುಬಂದೆ. ಮುಂದಿನ ವಾರ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಚುಚ್ಚಿಕೊಂಡು ನೋಡಿದರೆ 91. ಇಷ್ಟು ಚೆನ್ನಾಗಿರುವಾಗ ಹೋಗುವುದೇಕೆ ಎನ್ನಿಸಿತು. ಗ್ರಂಥಿಯ ದೌರ್ಬಲ್ಯ ಎಷ್ಟೋ ಮಂದಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಗ್ಲೂಕೋಸ್ ಹೊರೆ ಬಿದ್ದ ಎರಡು ಗಂಟೆಯ ನಂತರದ ಅಂಕಿಯಲ್ಲಿ, ರಾತ್ರಿಯಿಡೀ ಉಪವಾಸವಿದ್ದ ಬೆಳಗಿನ ಅಂಕಿಯಲ್ಲಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹಿಂದಿನ ವರ್ಷ ಬಸಿರಿನಲ್ಲಿ ನನ್ನನ್ನು ಹಿಡಿದುಕೊಟ್ಟಿದ್ದೂ ಆ ಎರಡು ಗಂಟೆಯ ಅಂಕಿಯೇ. ಆಗಲೂ ಖಾಲಿ ಹೊಟ್ಟೆಯ ಅಂಕಿ ಮಿತಿಯೊಳಗೇ ಇತ್ತು. ಅದಾದ ಮೇಲೆ ಕೆಲಸದ ಜಾಗದ ಆರೋಗ್ಯ ತಪಾಸಣೆಯಲ್ಲಿ ‘ನಿಮಗೆ ಮಧುಮೇಹವಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದೆ. ಬಸಿರಿನಲ್ಲಿ ಇತ್ತೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕು ವರ್ಷಗಳ ನಂತರ ಎರಡನೆಯ ಬಸಿರಿನ ಎಂಟನೆಯ ವಾರದಲ್ಲಿ ಮಾಡಿದ ಮೊದಲ ರಕ್ತ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 141 ಮತ್ತು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ 7.6 ಇತ್ತು. ಅದು ಗರ್ಭಾವಸ್ಥೆಯ ಮಧುಮೇಹವಾಗಿರಲಿಲ್ಲ. ನನಗೆ ತಿಳಿಯದೆ ಎಂದಿನಿಂದಲೋ ಇದ್ದ ಎರಡನೆಯ ಬಗೆಯ (ಟೈಪ್ 2) ಮಧುಮೇಹವಾಗಿತ್ತು. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ಕಟ್ಟಿದ ಸುಮಾರು ನಾಲ್ಕು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ, ಹೃದಯವೂ ಆ ಮೊದಲ ವಾರಗಳಲ್ಲೇ ರೂಪುಗೊಳ್ಳುತ್ತದೆ, ಮತ್ತು ಆ ಅವಧಿಯಲ್ಲಿ ತಾಯಿಯ ಸಕ್ಕರೆ ಹೆಚ್ಚಿದ್ದರೆ ಹುಟ್ಟುದೋಷಗಳ ಸಂಭವ ಏರುತ್ತದೆ ಎಂದು ವೈದ್ಯರು ವಿವರಿಸಿದಾಗ, ಆ ವಾರಗಳು ಆಗಲೇ ಕಳೆದುಹೋಗಿದ್ದವು. ಇಪ್ಪತ್ತನೆಯ ವಾರದ ಸ್ಕ್ಯಾನಿಂಗ್ ಆಗುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗು ಆರೋಗ್ಯವಾಗಿ ಹುಟ್ಟಿತು. ಮಧುಮೇಹ ನನ್ನಲ್ಲಿ ಉಳಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ ‘ಮರಳಿ ಬಾರದಿರಲು’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಬಸಿರಿನ ಮಧುಮೇಹ ಬಂದು ಹೋದ ಜ್ವರದಂತಲ್ಲ. 1964ರಲ್ಲಿ ಬಾಸ್ಟನ್ನಿನ ಸಂಶೋಧಕರಾದ ಜಾನ್ ಓಸುಲ್ಲಿವನ್ ಮತ್ತು ಕ್ಲೇರ್ ಮ್ಯಾಹನ್ ಗರ್ಭಿಣಿಯರಿಗೆ ಸಕ್ಕರೆಯ ಮಿತಿಗಳನ್ನು ಗೊತ್ತುಪಡಿಸಿದಾಗ ಅವರು ಮುಖ್ಯವಾಗಿ ನೋಡಿದ್ದು, ಮುಂದಿನ ವರ್ಷಗಳಲ್ಲಿ ಯಾವ ತಾಯಂದಿರಿಗೆ ಮಧುಮೇಹ ಬರುತ್ತದೆ ಎಂಬುದನ್ನು. ತಾಯಿಯ ಭವಿಷ್ಯವನ್ನು ತಿಳಿಯಲು ಹುಟ್ಟಿದ ಪರೀಕ್ಷೆಯನ್ನು ನಾವು ಹೆರಿಗೆಯೊಂದಿಗೆ ಮುಗಿದುಹೋಗುವಂಥದ್ದೆಂದು ತಿಳಿದಿದ್ದೇವೆ. ಸಹಜ ಸಕ್ಕರೆಯಿದ್ದ ಗರ್ಭಿಣಿಯರಿಗೆ ಹೋಲಿಸಿದರೆ ನಮ್ಮಂಥವರಿಗೆ ಮುಂದೆ ಎರಡನೆಯ ಬಗೆಯ ಮಧುಮೇಹ ಬರುವ ಅಪಾಯ ಏಳು ಪಟ್ಟಿಗಿಂತ ಹೆಚ್ಚೆಂದು 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸಮಗ್ರ ವಿಶ್ಲೇಷಣೆ ತೋರಿಸಿತು.

ಹೆರಿಗೆಯಾದ 4ರಿಂದ 12 ವಾರಗಳೊಳಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನೇ ಮಾಡಿಸಬೇಕು. ಎರಡು ಗಂಟೆಯ ಅಂಕಿ 140ಕ್ಕಿಂತ ಕಡಿಮೆಯಿದ್ದರೆ ಸಹಜ, 140ರಿಂದ 199 ಮಧುಮೇಹಪೂರ್ವ ಸ್ಥಿತಿ, 200 ಅಥವಾ ಹೆಚ್ಚಾದರೆ ಮಧುಮೇಹ. ಎಚ್‌ಬಿಎ1ಸಿ ಒಂದೇ ಸಾಕೆಂದು ನಿಮಗೆ ಯಾರೋ ಹೇಳಿರುವುದಾಗಿ ಬರೆದಿದ್ದೀರಿ. ಈ ಹಂತದಲ್ಲಿ ಸಾಲದು, ಏಕೆಂದರೆ ಬಸಿರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುವುದರಿಂದಲೂ ಹೆರಿಗೆಯಲ್ಲಿ ರಕ್ತ ಹೋಗುವುದರಿಂದಲೂ ಆ ಅಂಕಿ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ಫಲಿತಾಂಶ ಸಹಜವಾಗಿಯೇ ಬಂದರೂ ಒಂದರಿಂದ ಮೂರು ವರ್ಷಗಳಿಗೊಮ್ಮೆ ಜೀವನಪರ್ಯಂತ ಪರೀಕ್ಷೆ ಬೇಕು, ಮುಂದಿನ ಬಸಿರಿಗೆ ಮೊದಲು ತಪ್ಪದೇ ಬೇಕು.

ಆಹಾರವೋ ವ್ಯಾಯಾಮವೋ ತೂಕವೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಅವು ಒಟ್ಟಾಗಿಯೇ ಫಲ ಕೊಡುವಂಥವು. 2002ರಲ್ಲಿ ಪ್ರಕಟವಾದ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನ ಇಟ್ಟುಕೊಂಡ ಗುರಿ, ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆ. ಅದರಲ್ಲಿದ್ದ, ಹಿಂದೆ ಬಸಿರಿನ ಮಧುಮೇಹವಾಗಿದ್ದ ಮಹಿಳೆಯರಲ್ಲಿ ಈ ಕ್ರಮ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸಿತು; ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯೂ ಅವರಲ್ಲಿ ಸರಿಸುಮಾರು ಅಷ್ಟೇ ಕೆಲಸ ಮಾಡಿತು. ಆದರೆ ಗಮನಿಸಿ: ಆ ಅಧ್ಯಯನಕ್ಕೆ ಸೇರಿದವರೆಲ್ಲರೂ ಎರಡು ಗಂಟೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು. ಇನ್ನೂ ತಡೆಯಲು ಸಾಧ್ಯವಿದ್ದಾಗಲೇ ಅವರಿಗೆ ತಿಳಿಯಿತು. ನನಗೆ ತಡೆಯುವ ಕಾಲ ಮುಗಿದ ಮೇಲೆ ತಿಳಿಯಿತು.

ಕೊನೆಯ ತಿಂಗಳಲ್ಲಿ ರಕ್ತದೊತ್ತಡ 150/100ಕ್ಕೆ ಏರಿ ಮೂತ್ರದಲ್ಲಿ ಪ್ರೋಟೀನ್ ಕಂಡಿತ್ತು ಎಂದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅದು ಒಂದು ಸಾಲಿನ ವಿಷಯವಲ್ಲ. ಅಂಥ ಬಸಿರು ಕಂಡವರಲ್ಲಿ ಮುಂದೆ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಇರುತ್ತದೆ. ಪ್ರತಿವರ್ಷ ರಕ್ತದೊತ್ತಡ ನೋಡಿಸಿ. ಮತ್ತೊಮ್ಮೆ ಬಸಿರಾದರೆ, ಇದು ಮರುಕಳಿಸದಿರಲು 12ನೆಯ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ.

ನಿಮಗೆ ಇನ್ನೂ ಮೂರು ವಾರಗಳ ಅವಕಾಶವಿದೆ. ಮಗುವನ್ನು ಎರಡು ಗಂಟೆ ನೋಡಿಕೊಳ್ಳುವವರನ್ನು ಇಂದೇ ಗೊತ್ತುಮಾಡಿಕೊಳ್ಳಿ, ಬೆಳಿಗ್ಗೆ ಏನನ್ನೂ ತಿನ್ನದೆ ಹೋಗಿ, ಮತ್ತು ಆ ವರದಿಯನ್ನು ನಿಮ್ಮ ಹೆಸರಿನ ಬೇರೆಯದೇ ಕಡತದಲ್ಲಿಡಿ.