ರಿವಾಲ್ವರೋ, ಪಿಸ್ತೂಲೋ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಬಟವಾಡೆ ಹಣ ತರಲು ವಾರವಾರವೂ ಒಬ್ಬನೇ ಓಡಾಡಬೇಕು. ಆತ್ಮರಕ್ಷಣೆಗೆ ಪರವಾನಗಿ ಸಿಕ್ಕಿದೆ. ರಿವಾಲ್ವರ್ ಕೊಳ್ಳಲೇ, ಪಿಸ್ತೂಲೇ? ಆನೆ ಕಾಟಕ್ಕೂ ಅದೇ ಆದೀತೇ?

ಉತ್ತರ: ಆನೆಯ ವಿಚಾರ ಮೊದಲು. .32 ಗುಂಡಿಗೆ (ಅಡ್ಡಳತೆ ಸುಮಾರು 0.32 ಇಂಚು) ಆನೆ ನಿಲ್ಲುವುದಿಲ್ಲ, ಗಾಯಗೊಂಡು ಇನ್ನಷ್ಟು ಕೆರಳುತ್ತದೆ. ಅದರ ಮೇಲೆ ಗುಂಡು ಹಾರಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ದೊಡ್ಡ ಅಪರಾಧವೂ ಹೌದು. ಆ ಯೋಚನೆ ಬಿಟ್ಟುಬಿಡಿ.

9 ಎಂ.ಎಂ., .38, .455 ನಿಷೇಧಿತ ಬೋರ್‌ಗಳು, ಅಂದರೆ ಸಾಮಾನ್ಯ ಪರವಾನಗಿಗೆ ಸಿಗದ ನಳಿಗೆಯಳತೆಗಳು. ಹಾಗಾಗಿ ನಿಮ್ಮ ಆಯ್ಕೆ ಹೆಚ್ಚುಕಡಿಮೆ .32ಕ್ಕೇ ಬಂದು ನಿಲ್ಲುತ್ತದೆ. ಇದರಲ್ಲೂ ತೋಟಾ ಎರಡು ಬಗೆ: ಪಿಸ್ತೂಲಿಗೆ .32 ಎ.ಸಿ.ಪಿ., ರಿವಾಲ್ವರಿಗೆ .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರ್‌ಗಳಲ್ಲಿ ಕೂತುಬಿಡುತ್ತದೆ, ಆದರೆ ಅದರ ಒತ್ತಡ ಹೆಚ್ಚು. ಕೂತಿತೆಂದು ಹಾರಿಸಬೇಡಿ. ಕೊಳ್ಳುವಾಗ ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿ.

ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಅಭ್ಯಾಸ ಮಾಡುವವರಿಗೆ ನಾವು ಹೇಳುವುದು ರಿವಾಲ್ವರ್. ತೋಟಾ ಹಾರದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರೆ ಸಿಲಿಂಡರ್ (ತೋಟಾ ಕೂರುವ ಉರುಳೆ) ತಿರುಗಿ ಮುಂದಿನದು ಎದುರು ಬರುತ್ತದೆ. ಪಿಸ್ತೂಲಿನಲ್ಲಾದರೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಎಳೆದು ಕೆಟ್ಟ ತೋಟಾ ಹೊರಹಾಕಬೇಕು, ಗಾಬರಿಯಲ್ಲಿ ಕೈ ಮರೆಯುವುದು ಇದನ್ನೇ. ಮಣಿಕಟ್ಟು ಸಡಿಲ ಹಿಡಿದರೂ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೊಪ್ಪು (ಹಾರಿದ ತೋಟಾದ ಹಿತ್ತಾಳೆ ಕವಚ) ಸಿಕ್ಕಿಕೊಳ್ಳಬಹುದು. ಆದರೂ ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಉಬ್ಬುವುದಿಲ್ಲ. ತಿಂಗಳು ತಿಂಗಳು ರೈಫಲ್ ಕ್ಲಬ್ಬಿಗೆ ಹೋಗುವವರು ಧಾರಾಳವಾಗಿ ಅದನ್ನೇ ಕೊಳ್ಳಲಿ.

ಸರ್ಕಾರಿ ಆರ್ಡ್‌ನನ್ಸ್ ಕಾರ್ಖಾನೆಯ .32 ರಿವಾಲ್ವರ್ ಉಕ್ಕಿನದು, ಸುಮಾರು 700 ಗ್ರಾಂ, ಆರು ಗುಂಡು. 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ. ದಿನವಿಡೀ ಸೊಂಟದಲ್ಲಿದ್ದರೆ ಆ 200 ಗ್ರಾಂ ಗೊತ್ತಾಗುತ್ತದೆ. ಈ ಎರಡೂ ರಿವಾಲ್ವರ್‌ಗಳು ನಡುವೆ ಮಡಚಿ ತೆರೆಯುವಂಥವು. ತೆರೆಯುವಾಗ ನಳಿಗೆಯ ಬಾಯಿ ಮೇಲಕ್ಕಿರಲಿ, ಒಂದೇ ಬೀಸಿಗೆ ಪೂರ್ತಿ ತೆರೆಯಿರಿ. ಅರ್ಧಕ್ಕೆ ನಿಲ್ಲಿಸಿದರೆ ಖಾಲಿ ಕೊಪ್ಪು ಎಕ್ಸ್‌ಟ್ರಾಕ್ಟರಿನ (ಕೊಪ್ಪುಗಳನ್ನು ಹೊರತಳ್ಳುವ ಭಾಗ) ಅಡಿಗೆ ಜಾರಿ ಇಡೀ ಸಿಲಿಂಡರ್ ಸಿಕ್ಕಿಕೊಳ್ಳಬಹುದು.

ಅಂಗಡಿಯಲ್ಲಿ ಬೆಲೆಗಿಂತ ಮೊದಲು ಹಿಡಿತ ನೋಡಿ. ಖಾಲಿಯೆಂದು ಎರಡು ಸಲ ಖಚಿತ ಮಾಡಿಕೊಂಡು, ಮಾಲೀಕರನ್ನು ಕೇಳಿ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿಸಿ, ಸುರಕ್ಷಿತ ದಿಕ್ಕಿಗೆ ಗುರಿಯಿಟ್ಟು ಹತ್ತು ಸಲ ಟ್ರಿಗರ್ ಎಳೆಯಿರಿ. ಹತ್ತನೆಯ ಸಲವೂ ಮುಂದಿನ ಗುರಿಕಡ್ಡಿ ಅಲುಗದಿದ್ದರೆ ಅದು ನಿಮ್ಮ ಕೈಗೆ ಸರಿ. ಹಳೆಯದಾದರೆ ಹ್ಯಾಮರ್ ಎಳೆದಿಟ್ಟು ಸಿಲಿಂಡರ್ ಅಲುಗಿಸಿ ನೋಡಿ. ಲಟಲಟ ಎಂದರೆ ಕೊಳ್ಳಬೇಡಿ.

ಪ್ರಶ್ನೆ: ಚರ್ಮದ ಹೋಲ್‌ಸ್ಟರಿನಲ್ಲಿಟ್ಟಿದ್ದ ರಿವಾಲ್ವರಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಏಕೆ?

ಉತ್ತರ: ಹದ ಮಾಡಿದ ಚರ್ಮದಲ್ಲಿ ಲವಣ, ಆಮ್ಲದ ಅಂಶ ಉಳಿದಿರುತ್ತದೆ, ತೇವವನ್ನೂ ಅದು ಹೀರುತ್ತದೆ. ಹೋಲ್‌ಸ್ಟರ್ ಒಯ್ಯಲು ಮಾತ್ರ, ಇಡಲು ಅಲ್ಲ. ಮನೆಗೆ ಬಂದೊಡನೆ ಗುಂಡು ತೆಗೆದು, ಒರೆಸಿ, ತೆಳುವಾಗಿ ಗನ್ ಆಯಿಲ್ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಬೀಗದ ಪೆಟ್ಟಿಗೆಯಲ್ಲಿಡಿ. ತೋಟಾಗಳನ್ನೂ ಚರ್ಮದ ಪಟ್ಟಿಯಲ್ಲಿ ಬಿಡಬೇಡಿ, ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ. ಎಣ್ಣೆ ಕೈಯಲ್ಲಿ ಅವನ್ನು ಮುಟ್ಟಲೂಬೇಡಿ: ಪ್ರೈಮರಿಗೆ (ತೋಟಾದ ತಳದ ಕಿಡಿಮದ್ದು) ಎಣ್ಣೆ ಇಳಿದರೆ ಹಾರದೇ ಹೋಗಬಹುದು.

ಪ್ರಶ್ನೆ: ಹೋಲ್‌ಸ್ಟರ್ ಇಲ್ಲದೆ ಜೇಬಿನಲ್ಲಿಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಬೀಗದ ಕೈ ಟ್ರಿಗರಿಗೆ ಸಿಕ್ಕರೂ ಸಾಕು, ತೊಡೆಗೇ ಗುಂಡು. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಅದಕ್ಕೆ ದಪ್ಪ ಬೆಲ್ಟ್ ಬೇಕೇ ಬೇಕು. ಪರವಾನಗಿ ಜತೆಗಿರಲಿ, ಅದು ಯಾವ ವ್ಯಾಪ್ತಿಗೆ ಅನ್ವಯ ಎಂಬುದನ್ನೂ ಓದಿಕೊಳ್ಳಿ. ಚುನಾವಣೆ ಘೋಷಣೆಯಾಗಿ ಆಯುಧ ಠೇವಣಿ ಇಡಲು ಆದೇಶ ಬಂದರೆ ಠಾಣೆಗೆ ಒಪ್ಪಿಸಿ, ರಸೀದಿ ಪಡೆಯಿರಿ.