ತ್ಸೆತ್ಸೆ ನೊಣದ ರೆಕ್ಕೆ ಏನು ಹೇಳುತ್ತದೆ?

ಪ್ರಶ್ನೆ: ಆಫ್ರಿಕಾದ ತ್ಸೆತ್ಸೆ ನೊಣಗಳು ಯಾವ ಪ್ರದೇಶದ ಗುಂಪಿಗೆ ಸೇರಿದವು ಎಂಬುದನ್ನು ರೆಕ್ಕೆಯ ಆಕಾರದಿಂದ ಗುರುತಿಸುತ್ತಾರೆಂದು ಓದಿದೆ. ಒಂದೇ ಪ್ರಭೇದದ ನೊಣಗಳ ರೆಕ್ಕೆಗಳಲ್ಲಿ ಅಷ್ಟೊಂದು ವ್ಯತ್ಯಾಸವಿರುತ್ತದೆಯೇ? ಡಿಎನ್‌ಎ ಪರೀಕ್ಷೆ ಇರುವಾಗ ಇದರ ಅಗತ್ಯವೇನು?

ಉತ್ತರ: ವ್ಯತ್ಯಾಸ ಇರುತ್ತದೆ, ಆದರೆ ಅದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ತ್ಸೆತ್ಸೆ ನೊಣದ ರೆಕ್ಕೆಯ ನಡುವೆ ನರಗಳಿಂದ (ಎಲೆಯ ನರಗಳಂಥ ಗೆರೆಗಳಿಂದ) ಸುತ್ತುವರಿದ, ಕೊಡಲಿಯ ಅಲಗನ್ನು ಹೋಲುವ ಒಂದು ಕೋಶ, ಅಂದರೆ ಮನೆಯಂಥ ಭಾಗ, ಇದ್ದು, ಈ ನೊಣವನ್ನು ಗುರುತಿಸಲು ಅದೊಂದೇ ಸಾಕು. ಸಂಶೋಧಕರು ರೆಕ್ಕೆಯನ್ನು ಬಿಡಿಸಿ, ಎರಡು ಗಾಜಿನ ಪಟ್ಟಿಗಳ ನಡುವೆ ಹರಡಿ ಚಿತ್ರ ತೆಗೆದು, ನರಗಳು ಒಂದನ್ನೊಂದು ಸಂಧಿಸುವ ಹತ್ತರಷ್ಟು ಬಿಂದುಗಳನ್ನು ಗಣಕಯಂತ್ರದಲ್ಲಿ ಗುರುತು ಹಾಕುತ್ತಾರೆ. ಅನಂತರ ಎಲ್ಲ ರೆಕ್ಕೆಗಳ ಬಿಂದುಗಳನ್ನೂ ಒಂದರ ಮೇಲೊಂದು ಕೂರಿಸಿ, ಸ್ಥಾನ, ಓರೆ ಮತ್ತು ಗಾತ್ರಗಳ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದುಹಾಕಿದರೆ ಉಳಿಯುವುದು ಶುದ್ಧ ಆಕಾರ. ವಯಸ್ಸಾದ ನೊಣಗಳ ರೆಕ್ಕೆಯಂಚು ಹರಿದು ಚಿಂದಿಯಾಗಿರುತ್ತದೆ. ಬಿಂದುಗಳು ಒಳಭಾಗದಲ್ಲಿರುವುದರಿಂದ ಅದು ಅಷ್ಟಾಗಿ ಅಡ್ಡಿಯಾಗದು.

ಗಾತ್ರವನ್ನು ಬೇರ್ಪಡಿಸುವುದಕ್ಕೆ ಕಾರಣವಿದೆ. ಹೆಣ್ಣು ತ್ಸೆತ್ಸೆ ಮೊಟ್ಟೆಯಿಡುವುದಿಲ್ಲ. ಒಂದೊಂದೇ ಮರಿಹುಳುವನ್ನು ಗರ್ಭದಲ್ಲಿ ಪೋಷಿಸಿ, ಸುಮಾರು ಒಂಬತ್ತು-ಹತ್ತು ದಿನಗಳಿಗೊಮ್ಮೆ ಹೆರುತ್ತದೆ. ಹೀಗಾಗಿ ತಾಯಿಗೆ ಸಿಕ್ಕ ರಕ್ತ ಮತ್ತು ಆ ಋತುವಿನ ತಾಪಮಾನ ಮರಿಯ ಗಾತ್ರವನ್ನು ಸುಲಭವಾಗಿ ಬದಲಿಸುತ್ತವೆ. ಆಕಾರದಲ್ಲಿ ಆನುವಂಶಿಕತೆಯ ಪಾಲು ಹೆಚ್ಚು. ಹೆಣ್ಣಿನ ರೆಕ್ಕೆ ಗಂಡಿನದಕ್ಕಿಂತ ದೊಡ್ಡದಾದ್ದರಿಂದ ಎರಡನ್ನೂ ಪ್ರತ್ಯೇಕವಾಗಿಯೇ ಹೋಲಿಸಬೇಕು.

ಈ ಶ್ರಮವೆಲ್ಲ ಏಕೆಂದರೆ, ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ನಾಗಾನ ರೋಗವನ್ನೂ ಹರಡುವ ಈ ನೊಣವನ್ನು ಒಂದು ಪ್ರದೇಶದಿಂದ ಪೂರ್ತಿ ನಿರ್ಮೂಲ ಮಾಡಬೇಕೇ ಅಥವಾ ಸಂಖ್ಯೆಯನ್ನಷ್ಟೇ ತಗ್ಗಿಸಬೇಕೇ ಎಂಬ ತೀರ್ಮಾನ, ಹೊರಗಿನಿಂದ ನೊಣಗಳು ಬಂದು ಸೇರುತ್ತವೆಯೇ ಎಂಬುದನ್ನು ಅವಲಂಬಿಸಿದೆ. ಜಾಂಜಿಬಾರ್‌ನ ಉಂಗುಜಾ ದ್ವೀಪದಲ್ಲಿ ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನು ಬಿಟ್ಟು 1997ರ ಹೊತ್ತಿಗೆ ಇಡೀ ಸಂತತಿಯನ್ನು ಅಳಿಸಲು ಸಾಧ್ಯವಾದದ್ದರಲ್ಲಿ ಸುತ್ತಲ ಸಮುದ್ರದ ನೆರವೂ ಇತ್ತು. ಸೆನೆಗಲ್‌ನ ನಿಯಾಯೆಸ್ ಪ್ರದೇಶದಲ್ಲಿ ಅಂಥ ಸಮುದ್ರದ ತಡೆಯಿಲ್ಲ. ಅಲ್ಲಿನ ಗ್ಲಾಸಿನಾ ಪಾಲ್ಪಾಲಿಸ್ ಗ್ಯಾಂಬಿಯೆನ್ಸಿಸ್ ಎಂಬ ತ್ಸೆತ್ಸೆ ಉಪಪ್ರಭೇದದ ನೊಣಗಳು ದೇಶದ ಆಗ್ನೇಯ ಭಾಗದ ಗುಂಪುಗಳಿಂದ ಬೇರ್ಪಟ್ಟಿವೆಯೆಂದು ಡಿಎನ್‌ಎ ಮತ್ತು ರೆಕ್ಕೆಯ ಆಕಾರ ಎರಡೂ ತೋರಿಸಿದ್ದರಿಂದಲೇ ನಿರ್ಮೂಲನದ ಆಯ್ಕೆಗೆ ಬಲ ಬಂತು. ಗಿನಿಯ ರಾಜಧಾನಿ ಕೊನಾಕ್ರಿಯ ಎದುರಿಗಿರುವ ಲೋಸ್ ದ್ವೀಪಗಳಲ್ಲೂ ಇದೇ ನೊಣಗಳು ಮುಖ್ಯಭೂಮಿಯವುಗಳಿಂದ ಬೇರೆಯೆಂದು ಎರಡೂ ವಿಧಾನಗಳಿಂದ ಕಂಡುಬಂತು.

ಡಿಎನ್‌ಎ ಪರೀಕ್ಷೆಗೆ ಹೋಲಿಸಿದರೆ ರೆಕ್ಕೆಯ ಅಳತೆಗೆ ಖರ್ಚು ಬಹಳ ಕಡಿಮೆ, ಹಳೆಯ ಒಣ ಮಾದರಿಗಳೂ ನಡೆಯುತ್ತವೆ. ಆದರೆ ಆಕಾರವೂ ಪರಿಸರದ ಪ್ರಭಾವದಿಂದ ಪೂರ್ತಿ ಮುಕ್ತವಲ್ಲ. ಬರೀ ರೆಕ್ಕೆಯನ್ನು ನಂಬಿ 'ಈ ಗುಂಪು ಪ್ರತ್ಯೇಕ' ಎಂದು ತೀರ್ಪು ಕೊಡುವುದು ನನ್ನ ದೃಷ್ಟಿಯಲ್ಲಿ ಆತುರವಾಗುತ್ತದೆ. ಕಾರ್ಯಾಚರಣೆ ಮುಗಿದ ಮೇಲೂ ಬಲೆಗೆ ನೊಣ ಬಿದ್ದರೆ, ಅದು ಹಿಂದೆ ಅಲ್ಲಿದ್ದವುಗಳಲ್ಲಿ ಬದುಕುಳಿದದ್ದೋ ನೆರೆಯಿಂದ ಬಂದದ್ದೋ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಹೋಲಿಸಿ ನೋಡಲು, ಕಾರ್ಯಾಚರಣೆಗೆ ಮೊದಲೇ ಆ ಜಾಗದ್ದೂ ನೆರೆಯದ್ದೂ ಸಾಕಷ್ಟು ರೆಕ್ಕೆಗಳನ್ನು ತೆಗೆದಿಟ್ಟಿರಬೇಕು.