ಅಜ್ಜನ ಹಾಡು ಇದೆ, ಅಜ್ಜನ ಹೆಸರು ಹಾಕಿದರೆ ಸಿಗೋದಿಲ್ಲ!

ಪ್ರಶ್ನೆ: ಅಜ್ಜ ದುಡಿ ಬಾರಿಸಿಕೊಂಡು ಹಾಡಿದ ಪುತ್ತರಿ ಹಾಡುಗಳ ಹಳೇ ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ, ಡಿ ಡ್ರೈವಿನಲ್ಲಿ ವೇವ್ ಫೈಲ್ ಮಾಡಿ ಇಟ್ಟಿದ್ದೇನೆ. ಪ್ಲೇಯರಿನಲ್ಲಿ ಅಜ್ಜನ ಹೆಸರು ಕಾಣುತ್ತದೆ. ಆದರೆ ವಿಂಡೋಸ್ 10ರಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬೂಷ್ಟು ಹಿಡಿಯುವ ಮೊದಲೇ ಇಳಿಸಿದ್ದೀರಲ್ಲ, ನಮ್ಮ ಮಳೆಗೆ ಅದೇ ದೊಡ್ಡ ಕೆಲಸ!

ಪ್ಲೇಯರಿನಲ್ಲಿ ಕಂಡ ಮಾತ್ರಕ್ಕೆ ಹೆಸರು ಫೈಲಿನೊಳಗೆ ಇದೆ ಅಂತಲ್ಲ, ಕೆಲವು ಪ್ಲೇಯರ್‌ಗಳು ಅದನ್ನು ತಮ್ಮದೇ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತವೆ. ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿ. ಅಲ್ಲಿ ಖಾಲಿ ಇದ್ದರೆ ವಿಂಡೋಸ್‌ಗೂ ಖಾಲಿಯೇ.

ನನ್ನ ಅನುಮಾನ ವೇವ್ ಮೇಲೇ. ಅದರಲ್ಲಿ ಹೆಸರನ್ನು ಒಂದೊಂದು ಪ್ರೋಗ್ರಾಮ್ ಒಂದೊಂದು ಜಾಗದಲ್ಲಿ ಬರೆಯುತ್ತದೆ, ವಿಂಡೋಸ್ ಎಲ್ಲವನ್ನೂ ಓದುವುದಿಲ್ಲ. ಆಡಾಸಿಟಿ ಅನ್ನೋ ಆಡಿಯೋ ಪ್ರೋಗ್ರಾಮಿನಲ್ಲಿ ತೆರೆದು ಫ್ಲ್ಯಾಕ್ (ದನಿ ಕೆಡಿಸದೆ ಫೈಲ್ ಕುಗ್ಗಿಸುವ ಬಗೆ) ಆಗಿ ಎಕ್ಸ್‌ಪೋರ್ಟ್ ಮಾಡಿ. ದನಿ ಒಂಚೂರೂ ಕೆಡುವುದಿಲ್ಲ, ಜಾಗ ಸುಮಾರು ಅರ್ಧ ಉಳಿಯುತ್ತದೆ, ವಿಂಡೋಸ್ 10 ಅದನ್ನು ಸಲೀಸಾಗಿ ಓದುತ್ತದೆ. ಹೆಸರು ತುಂಬಲು ಎಂಪಿ3ಟ್ಯಾಗ್ ಅನ್ನೋ ಪ್ರೋಗ್ರಾಮ್ ಸಾಕು, ವಿಂಡೋಸ್‌ಗೆ ಉಚಿತ. ಹಳೇ ವೇವ್‌ಗಳನ್ನು ಈಗಲೇ ಅಳಿಸಬೇಡಿ.

ಹೆಸರನ್ನು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದ್ದೀರಾ? ಹಾಗಾದರೆ 'ಪ' ಇರಬೇಕಾದ ಕಡೆ ಜಪಾನಿನ ಯೆನ್ ಚಿಹ್ನೆ ಕೂತಿರುತ್ತದೆ, ಯಾಕಂದ್ರೆ ಟ್ಯಾಗ್‌ನಲ್ಲಿ (ಫೈಲಿನೊಳಗೆ ಹೆಸರು ಬರೆದಿಡುವ ಜಾಗ) ಅಕ್ಷರ ಉಳಿಯುತ್ತದೆ, ಫಾಂಟ್ ಉಳಿಯುವುದಿಲ್ಲ. ಯೂನಿಕೋಡ್‌ನಲ್ಲಿ (ಫಾಂಟ್ ಯಾವುದಾದರೂ ಅಕ್ಷರ ಬದಲಾಗದ ಪದ್ಧತಿ) ಮತ್ತೆ ಬರೆಯಬೇಕು, ಇಲ್ಲವೇ ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಾಯಿಸಬೇಕು. ಇನ್ನೊಂದು, ಪುತ್ತರಿ ಅಂತ ಬರೆದು ಹುತ್ತರಿ ಅಂತ ಹುಡುಕಿದರೆ ಕಂಪ್ಯೂಟರಿಗೆ ಅದು ಬೇರೆ ಹಬ್ಬ! ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ.

ಇನ್ನು ಡಿ ಡ್ರೈವ್. ವಿಂಡೋಸ್ ಸುಮ್ನೆ ಇಡೀ ಕಂಪ್ಯೂಟರ್ ಜಾಲಾಡುವುದಿಲ್ಲ, ಮೊದಲೇ ಮಾಡಿಟ್ಟ ಇಂಡೆಕ್ಸ್ ನೋಡಿ ಹೇಳುತ್ತದೆ. ಡಿ ಡ್ರೈವ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ಮಾಡಿಫೈ ಒತ್ತಿ ನಿಮ್ಮ ಫೋಲ್ಡರಿಗೆ ಟಿಕ್ ಹಾಕಿ. ಆಗಲೂ ಬರದಿದ್ದರೆ ಮಾತ್ರ ಅಡ್ವಾನ್ಸ್ಡ್‌ನಲ್ಲಿ ರೀಬಿಲ್ಡ್ ಕೊಡಿ, ಫೈಲ್ ಜಾಸ್ತಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಬ್ಯಾಟರಿಯಲ್ಲಿದ್ದಾಗ ಈ ಕೆಲಸ ನಿಧಾನ ಆಗುತ್ತದೆ, ನಿಂತೂ ಹೋಗಬಹುದು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಕೂತು 'ಇನ್ನೂ ಬಂದಿಲ್ಲ' ಅಂದರೆ ಹೇಗೆ, ಅಲ್ವಾ? ಕರೆಂಟ್ ಇರುವ ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗದ ಹಾಗೆ ಬಿಡಿ. ಬೆಳಿಗ್ಗೆ ಆ ಫೋಲ್ಡರಿನ ಸರ್ಚ್ ಜಾಗದಲ್ಲಿ ಇಂಗ್ಲಿಷಿನಲ್ಲಿ ಆರ್ಟಿಸ್ಟ್ ಅಂತ ಬರೆದು, ಕೋಲನ್ ಹಾಕಿ, ಪಕ್ಕದಲ್ಲೇ ಅಜ್ಜನ ಹೆಸರು ಕನ್ನಡದಲ್ಲಿ ಬರೆದು ನೋಡಿ.